ಅರ್ಧಕ್ಕೆ ನಿಂತ ರೇಡ್: ಗಡಿಗುರುತಿನ ಕಥೆ

ಮೂರು ಡಿಸ್ಕಿನ ರೇಡ್-5ಕ್ಕೆ ನಾಲ್ಕನೇದು ಸೇರಿಸ್ತಿದ್ದಾಗ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಮನೆಯವರ ಫೋಟೋ ಎಲ್ಲಾ ಅದರಲ್ಲೇ. ಹೋಯ್ತಾ?

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಪ್ರಬಂಧ ಬರೆದರು. ಅಗ್ಗದ ಡಿಸ್ಕುಗಳ ಜೋಡಣೆ, ಒಂದು ಕೆಟ್ಟರೂ ಡೇಟಾ ಉಳೀಬೇಕು. ಓಡುತ್ತಿರುವ ರೇಡ್-5ನ್ನೇ ಹಿಗ್ಗಿಸೋದು ಲಿನಕ್ಸಿಗೆ ಬಂದದ್ದು 2006ರಲ್ಲಿ, 2.6.17 ಕರ್ನಲ್ ಜೊತೆ; ನೀಲ್ ಬ್ರೌನ್ ಅವರ ಕೆಲಸ.

ಜಾಣತನ ಇರೋದು ಇಲ್ಲಿ. ಹೊಸ ಜೋಡಣೆ ಎಲ್ಲಿವರೆಗೆ ಆಯ್ತು ಅನ್ನೋದನ್ನು ಸೂಪರ್‌ಬ್ಲಾಕಿನಲ್ಲಿ ಬರೀತಾ ಹೋಗುತ್ತೆ. ಗುರುತಿನ ಈಚೆ ನಾಲ್ಕು ಡಿಸ್ಕಿನ ಲೆಕ್ಕ, ಆಚೆ ಮೂರರದ್ದು. ಶುರುವಿನ ಸ್ವಲ್ಪ ಭಾಗದಲ್ಲಿ ಮಾತ್ರ ಹೊಸದನ್ನು ಬರೆಯೋ ಜಾಗದಲ್ಲೇ ಹಳೇ ಡೇಟಾ ಕೂತಿರುತ್ತೆ. ಅದಕ್ಕೇ ಅಷ್ಟರ ನಕಲು ಮೊದಲೇ ಬೇರೆ ಕಡೆ.

ಹಾಗಾಗಿ ಡಿಸ್ಕ್ ಎಲ್ಲಾ ಚೆನ್ನಾಗಿದ್ರೆ, ಮತ್ತೆ ಅಸೆಂಬಲ್ ಮಾಡಿದಾಗ (ಬ್ಯಾಕಪ್ ಫೈಲ್ ಇಟ್ಟಿದ್ರೆ ಅದನ್ನೂ ಕೊಟ್ಟು) ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತೆ. ಗಾಬರಿಯಲ್ಲಿ 'ಕ್ರಿಯೇಟ್' ಹೊಡೆಯೋರೇ ಜಾಸ್ತಿ ಕಳ್ಕೊಳ್ಳೋದು, ನನ್ನ ಪ್ರಕಾರ. ಗುರುತೇ ಅಳಿಸಿಹೋಗುತ್ತೆ. ಆಮೇಲೆ ಗಡಿಯನ್ನು ಕೈಯಲ್ಲೇ ಹುಡುಕಬೇಕು: ಹಳೇ ಮೂರು ಡಿಸ್ಕಿನ ಎಕ್ಸಾರ್ ಎಲ್ಲಿಂದ ಸತತವಾಗಿ ಸೊನ್ನೆ ಬರುತ್ತೋ, ಹೆಚ್ಚುಕಡಿಮೆ ಅಲ್ಲಿಂದ ಹಳೇ ಜೋಡಣೆ. ಅದೂ ಮೂಲ ಡಿಸ್ಕ್ ಮುಟ್ಟದೆ, ಓವರ್‌ಲೇ ಮೇಲೆ.