ಹೆದೆ ಇಳಿಸಿದ ಬಿಲ್ಲಿನಿಂದ ಗಾಲಿಯ ಬಿಲ್ಲಿಗೆ

ವಿಜಯದಶಮಿಯಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಬನ್ನಿ ಹಂಚಿಕೊಳ್ಳುವಾಗ ಪಾಂಡವರ ಕಥೆ ನೆನಪಾಗುತ್ತದೆ. ಶಾಸನಗಳು ವಿರಾಟನಗರವೆಂದು ಕರೆದಿರುವ ಹಾನಗಲ್ ಇರುವುದೂ ಇದೇ ಜಿಲ್ಲೆಯಲ್ಲಿ. ಆಯುಧಗಳನ್ನು ಬನ್ನಿಮರದಲ್ಲಿ ಬಚ್ಚಿಡುವ ಮೊದಲು ಪಾಂಡವರು ಬಿಲ್ಲುಗಳ ಹೆದೆ ಇಳಿಸಿದರೆಂದು ಮಹಾಭಾರತದಲ್ಲಿದೆ. ಇದು ಸರಿಯಾದ ಕ್ರಮವೇ. ಮರ ಅಥವಾ ಬಿದಿರಿನ ಬಿಲ್ಲನ್ನು ಬಹುಕಾಲ ಬಗ್ಗಿಸಿಯೇ ಇಟ್ಟರೆ ಅದು ಆ ಬಾಗನ್ನೇ ಉಳಿಸಿಕೊಂಡು ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಳ್ಳುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ದ್ರವ್ಯಗಳನ್ನು ಹೆಸರಿಸುತ್ತದೆ. ದ್ರವ್ಯ ಯಾವುದಾದರೂ ತೊಡಕು ಒಂದೇ. ಹೆದೆಯನ್ನು ಎಳೆದಷ್ಟೂ ಬೇಕಾಗುವ ಬಲ ಹೆಚ್ಚುತ್ತದೆ. ಗುರಿ ಹಿಡಿಯುವ ಕ್ಷಣದಲ್ಲೇ ಅದು ಗರಿಷ್ಠವಾಗಿ ಕೈ ನಡುಗುತ್ತದೆ. ನಮ್ಮ ವೀರಗಲ್ಲುಗಳಲ್ಲಿ ಕಾಣುವ ಬಿಲ್ಲಾಳುಗಳಿಗೂ ಇದು ತಪ್ಪಿರಲಿಲ್ಲ.

1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಕ್ಲಾರೆನ್ಸ್ ಹಿಕ್‌ಮನ್ ಮತ್ತು ಪಾಲ್ ಕ್ಲಾಪ್‌ಸ್ಟೆಗ್ ಬಿಲ್ಲನ್ನು ಅಳೆದು ಅಭ್ಯಸಿಸತೊಡಗಿದರು. ಬಿಲ್ಲಿನಿಂದ ಹೊರಡುವ ಬಾಣ ಬಳುಕುತ್ತಾ ಸಾಗುತ್ತದೆಂಬುದು ಅತಿವೇಗದ ಛಾಯಾಚಿತ್ರಗಳಲ್ಲಿ ಸ್ಪಷ್ಟವಾಯಿತು. ಆದರೆ ಬಲದ ತೊಡಕನ್ನು ಬಿಡಿಸಿದವನು ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್. ಆತ 1966ರಲ್ಲಿ ಅರ್ಜಿ ಸಲ್ಲಿಸಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಗಾಲಿಗಳಿದ್ದವು. ಅವುಗಳ ಅಚ್ಚು ನಡುವಿನಲ್ಲಿರದೆ ಪಕ್ಕಕ್ಕೆ ಸರಿದಿತ್ತು. ಗಾಲಿ ತಿರುಗಿದಂತೆ ಸನ್ನೆಯ ತೋಳುಗಳ ಅನುಪಾತ ಬದಲಾಗುತ್ತದೆ. ಬಲ ಬೇಗ ಏರಿ, ಕೊನೆಯಲ್ಲಿ ಇಳಿಯುತ್ತದೆ. 60 ಪೌಂಡ್, ಅಂದರೆ ಸುಮಾರು 267 ನ್ಯೂಟನ್ ಬಲದ ಬಿಲ್ಲಿನಲ್ಲಿ ಶೇಕಡ 80ರಷ್ಟು ಇಳಿದರೆ, ಗುರಿ ಹಿಡಿಯುವಾಗ ತಡೆಯಬೇಕಾದದ್ದು ಕೇವಲ 53 ನ್ಯೂಟನ್. ಶಕ್ತಿ ಮಾತ್ರ ನಷ್ಟವಾಗದು. ಬಲ–ದೂರ ನಕ್ಷೆಯ ಕೆಳಗಿನ ವಿಸ್ತೀರ್ಣದಷ್ಟು ಶಕ್ತಿ ಬಿಲ್ಲಿನಲ್ಲಿ ಸಂಗ್ರಹವಾಗಿರುತ್ತದೆ.

ಹೀಗೆ ನಿಖರತೆಯ ಹೊಣೆ ತೋಳ್ಬಲದಿಂದ ಹೊಂದಾಣಿಕೆಗೆ ಬಂತು. ಮೊದಲು ಎಳೆತದ ಉದ್ದ ಬಿಲ್ಲುಗಾರನ ಮೈಯಳತೆಗೆ ಹೊಂದಬೇಕು. ಬಿಲ್ಲನ್ನು ಮೇಲೆತ್ತಿ ತಿಣುಕದೆ ಎಳೆಯಲಾಗುವಷ್ಟೇ ಬಲವನ್ನು ಆಯ್ದುಕೊಳ್ಳಬೇಕು. ಎರಡು ಗಾಲಿಗಳ ಬಿಲ್ಲಾದರೆ ಎರಡೂ ಒಟ್ಟಿಗೆ ತಿರುಗಿ ನಿಲ್ಲಬೇಕು. ಬಾಣದ ಬಿಗಿತವೂ ಮುಖ್ಯ. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಬಿಟ್ಟಾಗ ಅದು 0.5 ಅಂಗುಲ ಜಗ್ಗಿದರೆ ಅದರ ಸಂಖ್ಯೆ 500. ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆತು. ಕೊನೆಗೆ ಕಾಗದದ ಪರೀಕ್ಷೆ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಹತ್ತಿರದಿಂದ ಬಾಣ ಬಿಡುತ್ತಾರೆ. ಗರಿಗಳ ಸೀಳು ಮೊನೆಯ ತೂತಿಗಿಂತ ಮೇಲಿದ್ದರೆ, ಹೆದೆಯ ಮೇಲೆ ಬಾಣ ಕೂರುವ ಜಾಗವನ್ನು ತುಸು ಇಳಿಸಬೇಕು.

ಇದರ ಫಲ ನಮ್ಮ ಕಣ್ಣೆದುರಿಗಿದೆ. 2023ರಲ್ಲಿ ಬರ್ಲಿನ್‌ನಲ್ಲಿ ಸಾತಾರಾದ ಅದಿತಿ ಸ್ವಾಮಿ 17ರ ವಯಸ್ಸಿನಲ್ಲೇ ಕಾಂಪೌಂಡ್ ವಿಶ್ವ ಚಾಂಪಿಯನ್ ಆದರು. ತೋಳುಗಳಿಲ್ಲದೆ ಜನಿಸಿದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆ.

ಶಿಕ್ಷಕರು ಸಣ್ಣ ಬಿದಿರಿನ ಬಿಲ್ಲು ಮತ್ತು ಸ್ಪ್ರಿಂಗ್ ತ್ರಾಸಿನಿಂದ ಬಲ–ದೂರ ನಕ್ಷೆಯನ್ನು ಮಕ್ಕಳಿಂದಲೇ ಬರೆಸಬಹುದು. ಆದರೆ ಎಳೆದ ಹೆದೆಯನ್ನು ನಿಧಾನವಾಗಿ ಹಿಂದಕ್ಕೆ ಒಯ್ಯಬೇಕು. ಬಾಣವಿಲ್ಲದೆ ಥಟ್ಟನೆ ಬಿಡಬಾರದು. ಬಾಣ ಒಯ್ಯಬೇಕಾದ ಶಕ್ತಿಯನ್ನು ಆಗ ಬಿಲ್ಲೇ ತಾಳಿಕೊಳ್ಳಬೇಕಾಗಿ, ಅದು ಸೀಳಬಹುದು.