ತೆರವಾದ ಮನೆ: ದೊಡ್ಡಸ್ವಾಮಿಯವರ ದೀನತೆ ಮತ್ತು ಯೇಸುವಿನ ಸ್ನೇಹ

ಸಂತ ಯೊವಾನ್ನನ ಶುಭಸಂದೇಶದಲ್ಲಿ ಪಾದ ತೊಳೆದ ಘಟನೆಯೂ ಶಿಷ್ಯರನ್ನು ಸ್ನೇಹಿತರೆಂದು ಕರೆದ ಮಾತೂ ಒಂದೇ ಇರುಳಿಗೆ ಸೇರಿದವು. ಹದಿಮೂರನೆಯ ಅಧ್ಯಾಯದಲ್ಲಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಬಾಗಿದ ಪ್ರಭುವೇ ಹದಿನೈದನೆಯ ಅಧ್ಯಾಯದಲ್ಲಿ, ಇನ್ನು ಮೇಲೆ ನೀವು ದಾಸರಲ್ಲ ಎನ್ನುತ್ತಾರೆ. ನಾವಾದರೋ ಇವೆರಡನ್ನೂ ಬೇರೆಬೇರೆಯಾಗಿ ಬೋಧಿಸುತ್ತೇವೆ. ದೀನತೆಯನ್ನು ಪವಿತ್ರ ಗುರುವಾರಕ್ಕೆ ಮೀಸಲಿಡುತ್ತೇವೆ; ಸ್ನೇಹವನ್ನು ಯುವಜನರ ಶಿಬಿರಕ್ಕೆ ಬಿಟ್ಟುಕೊಡುತ್ತೇವೆ. ಸ್ನೇಹದವರೆಗೆ ಹೋಗದ ದೀನತೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನಮ್ಮ ಮೈಸೂರು ಸೀಮೆಯ ಧರ್ಮಸಭೆಯ ಇತಿಹಾಸವೇ ತೋರಿಸಿಕೊಡುತ್ತದೆ. ಆ ಇತಿಹಾಸದ ಒಬ್ಬ ಮಹನೀಯರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೈಸೂರು ಧರ್ಮಪ್ರಚಾರದ ಮೂಲನೆಲೆ ಶ್ರೀರಂಗಪಟ್ಟಣ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 17ನೆಯ ಶತಮಾನದ ಮಧ್ಯಭಾಗದಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಇಲ್ಲಿಗೆ ಬಂದು ನೆಲೆಯೂರಿದರು. ಮಧುರೆಯಲ್ಲಿ ರಾಬರ್ಟೊ ದೆ ನೊಬಿಲಿಯವರು ತೋರಿದ ಹಾದಿಯಲ್ಲೇ ಅವರೂ ನಡೆದರು. ಕನ್ನಡವನ್ನು ಕಲಿತು ಅದರ ವ್ಯಾಕರಣವನ್ನೂ ಧರ್ಮೋಪದೇಶವನ್ನೂ ರಚಿಸಿದರು. ದೇಶದ ನುಡಿಯಲ್ಲಿ ಮಾತಾಡುವುದು, ದೇಶದ ಸನ್ಯಾಸಿಯಂತೆ ಬಾಳುವುದು ಎಂಬ ಪರಂಪರೆ ಹೀಗೆ ಈ ನೆಲದಲ್ಲಿ ಬೇರುಬಿಟ್ಟಿತು. 1773ರಲ್ಲಿ ಯೇಸುಸಭೆಯು ವಿಸರ್ಜನೆಗೊಂಡಾಗ ಈ ಕ್ಷೇತ್ರವು ಕುರುಬನಿಲ್ಲದ ಹಿಂಡಿನ ಸ್ಥಿತಿಗೆ ಬಂತು. ಬಳಿಕ ಪ್ಯಾರಿಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಗುರುಗಳು ಅದರ ಹೊಣೆ ಹೊತ್ತರು.

ಅದರ ನಡುವೆಯೇ ದೊಡ್ಡದೊಂದು ಸಂಕಟ ಬಂದೆರಗಿತು. 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಲಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸೆರೆಯಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರೆಂಬುದರಲ್ಲಿ ಸಂದೇಹವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಚದುರಿಹೋಗಿದ್ದ ಈ ಜನರನ್ನು ಒಟ್ಟುಗೂಡಿಸುವ ಕಾರ್ಯಕ್ಕೆ ಬಂದವರೇ ಫ್ರಾನ್ಸಿನ ಅಬ್ಬೆ ಜಾನ್ ಆಂತ್ವಾನ್ ದ್ಯುಬುವಾ. 1792ರಲ್ಲಿ ಗುರುದೀಕ್ಷೆ ಪಡೆದು ಸ್ವದೇಶವನ್ನು ತೊರೆದ ಅವರು 1823ರವರೆಗೆ ಈ ದೇಶದಲ್ಲೇ ಇದ್ದರು. ಅವರ ಹೆಸರಿನಿಂದಲೇ ಗುರುತಿಸಲ್ಪಡುವ ಚರ್ಚು ಶ್ರೀರಂಗಪಟ್ಟಣದಲ್ಲಿ ಇಂದಿಗೂ ಇದೆ. ಜನರು ಅವರನ್ನು ಕರೆದದ್ದು ದೊಡ್ಡಸ್ವಾಮಿಯವರು ಎಂದು.

ದೊಡ್ಡಸ್ವಾಮಿಯವರ ಬಾಳ್ವೆಯ ಕ್ರಮವನ್ನು ಅವರೇ ಬರೆದಿಟ್ಟಿದ್ದಾರೆ. ಈ ನೆಲಕ್ಕೆ ಬಂದೊಡನೆ ಜನರ ವಿಶ್ವಾಸವನ್ನು ಗಳಿಸಬೇಕೆಂದು ನಿಶ್ಚಯಿಸಿ ಅವರಂತೆಯೇ ಉಟ್ಟರು, ಅವರಂತೆಯೇ ಬದುಕಿದರು; ಅವರ ಆಚಾರಗಳ ಬಗ್ಗೆ ಹೇಸಿಕೆಯನ್ನು ತೋರ್ಪಡಿಸದೆ ನಡೆದುಕೊಂಡರು. ಇದು ನಾಲ್ಕು ದಿನದ ವೇಷವಾಗಿರಲಿಲ್ಲ, ಮೂವತ್ತು ವರ್ಷಗಳ ಶಿಸ್ತಾಗಿತ್ತು. ಐರೋಪ್ಯರು ಅಧಿಕಾರದ ಗದ್ದುಗೆ ಏರುತ್ತಿದ್ದ ಕಾಲದಲ್ಲಿ ಒಬ್ಬ ಐರೋಪ್ಯನು ಹಾಗೆ ಇಳಿದು ಬಂದದ್ದು ಸಾಮಾನ್ಯವಲ್ಲ. ಇದನ್ನು ದೀನತೆಯೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ಈ ದೀನತೆಗೆ ಜನರು ಕೊಟ್ಟ ಪ್ರತಿಫಲವನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ದ್ಯುಬುವಾ ಅವರು ಪ್ರಯಾಣ ಮಾಡುತ್ತ ಹಳ್ಳಿಯೊಂದನ್ನು ಸಮೀಪಿಸಿದರೆ, ಅವರ ವಾಸ್ತವ್ಯಕ್ಕೆ ಒಬ್ಬ ಬ್ರಾಹ್ಮಣನ ಮನೆಯನ್ನು ತೆರವು ಮಾಡಿಕೊಡುತ್ತಿದ್ದರಂತೆ. ಸರ್ಕಾರದ ಅಧಿಕಾರಿಗಳ ಅಪ್ಪಣೆ ಅದಕ್ಕೆ ಬೇಕಿರಲಿಲ್ಲ. ಅದು ಊರವರು ತಾವಾಗಿಯೇ ತೋರುತ್ತಿದ್ದ ಗೌರವ.

ಇದರ ತೂಕವನ್ನು ಅರಿಯಬೇಕಾದರೆ ಶ್ರೀರಂಗಪಟ್ಟಣದ ಸುತ್ತಣ ಸೀಮೆಯನ್ನು ನೆನೆಯಬೇಕು. ತೊಣ್ಣೂರು, ಮೇಲುಕೋಟೆ, ನಾಗಮಂಗಲ, ಗರುಡನ ಸನ್ನಿಧಿಯಿಂದ ಹೆಸರಾದ ಬಿಂಡಿಗನವಿಲೆ: ಇದು ರಾಮಾನುಜಾಚಾರ್ಯರ ಪರಂಪರೆಯಲ್ಲಿ ಮಿಂದ ನೆಲ. ದೇವರ ದಾಸನಾಗಿರುವುದೇ ಪರಮ ಪದವಿಯೆಂದು ಇಲ್ಲಿನ ಭಕ್ತರು ನಂಬಿ ಬಾಳಿದ್ದಾರೆ. ಸ್ವಾಮಿಯನ್ನು ಹೊರುವ ಗರುಡನು ಆ ದಾಸ್ಯದ ಮೂರ್ತರೂಪ. ಮಡಿಯ ಕಟ್ಟಳೆ ಎಚ್ಚರದಿಂದ ಪಾಲನೆಯಾಗುತ್ತಿದ್ದ ಕಾಲದಲ್ಲಿ, ಅಗ್ರಹಾರದ ಮನೆಯೊಂದರ ಹೊಸಿಲನ್ನು ಪರದೇಶದ ಗುರುವೊಬ್ಬನಿಗೆ ಬಿಟ್ಟುಕೊಡುವುದು ಎಷ್ಟು ದೊಡ್ಡ ಮರ್ಯಾದೆಯೆಂಬುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಬಿಟ್ಟುಕೊಟ್ಟವರು ತಮ್ಮ ಆಚಾರದ ಮಿತಿಯೊಳಗೆ ಕೊಡಬಹುದಾದ ಎಲ್ಲವನ್ನೂ ಕೊಟ್ಟರು.

ಆದರೂ ಆ ಮನೆಯೊಳಗೆ ಯಾರೂ ಇರಲಿಲ್ಲ. ಒಲೆ ಇತ್ತು, ಅಡಿಗೆ ಮಾಡುವವರು ಇರಲಿಲ್ಲ. ಜಗಲಿ ಇತ್ತು, ಎದುರು ಕುಳಿತು ಮಾತಾಡುವವರು ಇರಲಿಲ್ಲ. ಲೂಕನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಜಕ್ಕಾಯನ ಮನೆಯಲ್ಲಿ ಇಳಿದುಕೊಂಡಾಗ ಜಕ್ಕಾಯನು ಮನೆ ಬಿಟ್ಟು ಹೋಗಲಿಲ್ಲ. ಅತಿಥಿಯನ್ನು ಸಂತೋಷದಿಂದ ಬರಮಾಡಿಕೊಂಡನು. ಹೊರಗೆ ಜನ ಗೊಣಗಿದ್ದು ಆ ಕಾರಣಕ್ಕಾಗಿಯೇ. ಯೇಸುವಿಗೆ ಬರಿದಾದ ಮನೆ ಬೇಕಿರಲಿಲ್ಲ. ಸಂತ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವು ಹೇಳುವಂತೆ, ಬರಿದು ಮಾಡಿಕೊಂಡದ್ದು ಅವರು ತಮ್ಮನ್ನೇ. ಗೌರವವು ಮನೆಯನ್ನು ತೆರವು ಮಾಡಿಸುತ್ತದೆ, ಸ್ನೇಹವು ಅದನ್ನು ತುಂಬಿಸುತ್ತದೆ.

ಇಷ್ಟನ್ನು ಒಂದು ಪ್ರಸಂಗದ ಮೇಲೆ ಮಾತ್ರ ಕಟ್ಟಿದರೆ ಅನ್ಯಾಯವಾದೀತು. ಆದುದರಿಂದ ದೊಡ್ಡಸ್ವಾಮಿಯವರ ಬರಹಗಳ ಕಡೆಗೂ ನೋಡೋಣ. ಈ ದೇಶದ ಜನರ ಆಚಾರ, ಪದ್ಧತಿ, ಸಂಸ್ಕಾರಗಳನ್ನು ಕುರಿತ ಅವರ ಪ್ರಸಿದ್ಧ ಹಸ್ತಪ್ರತಿಯನ್ನು 1807ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯು 2000 ಸ್ಟಾರ್ ಪಗೋಡಗಳಿಗೆ ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಮನೆಮನೆಯ ಮಾತನ್ನು ಕೇಳಿ ಕಲೆಹಾಕಿದ ಅರಿವು ಆಳುವವರ ಕೈ ಸೇರಿತು. ಯಾರನ್ನು ಕುರಿತು ಬರೆದಿತ್ತೋ ಅವರಿಗೆ ಅದು ಓದಲಾಗದ ಭಾಷೆಯಲ್ಲಿತ್ತು. ಯೊವಾನ್ನ 15:15ರಲ್ಲಿ ಯೇಸು ಸ್ನೇಹಕ್ಕೆ ಕೊಡುವ ಲಕ್ಷಣವನ್ನು ಇದರ ಪಕ್ಕದಲ್ಲಿಡಬೇಕು. ಪಿತನಿಂದ ತಾವು ಕೇಳಿದ್ದನ್ನೆಲ್ಲ ಶಿಷ್ಯರಿಗೆ ತಿಳಿಸಿದ್ದರಿಂದಲೇ ಅವರನ್ನು ಸ್ನೇಹಿತರೆಂದು ಕರೆದುದಾಗಿ ಅವರು ಹೇಳುತ್ತಾರೆ. ಅಲ್ಲಿ ಅರಿವು ಮೇಲಿನಿಂದ ಕೆಳಗಿಳಿದು ಹಂಚಿಕೆಯಾಗುತ್ತದೆ; ಇಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಸಲ್ಲಿಕೆಯಾಯಿತು.

1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು ಇನ್ನೂ ಕಹಿಯಾದುವು. ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಮನುಷ್ಯಪ್ರಯತ್ನಕ್ಕೆ ಅಸಾಧ್ಯವೆಂದು ಅವರು ಅಲ್ಲಿ ಸಾರಿದರು. ತಮ್ಮ ದೀರ್ಘ ಸೇವೆಯಲ್ಲಿ, ಒಬ್ಬ ದೇಶೀಯ ಗುರುವಿನ ನೆರವಿನಿಂದ, ವಿಶ್ವಾಸಕ್ಕೆ ಬಂದವರು ಇನ್ನೂರು ಮುನ್ನೂರು ಜನ ಮಾತ್ರವೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಂದು ಅಸ್ಪೃಶ್ಯರೆನಿಸಿಕೊಂಡವರು ಅಥವಾ ಭಿಕ್ಷುಕರೆಂದೂ, ಉಳಿದವರು ಮದುವೆ ಮೊದಲಾದ ಸಂಬಂಧಗಳನ್ನು ಬೆಳೆಸುವ ಆಸೆಯಿಂದ ಬಂದ ದಿಕ್ಕಿಲ್ಲದವರೆಂದೂ ಬರೆದರು. ಸೋಲಿನ ಲೆಕ್ಕವೆಂದೇ ಅವರು ಇದನ್ನು ಒಪ್ಪಿಸಿದರು. ನಾವು ಇದನ್ನು ಮತ್ತೊಮ್ಮೆ ಓದಬೇಕು. ಜಾತಿಯಿಂದ ಹೊರಬಿದ್ದವನಿಗೆ ಹೆಣ್ಣು ಕೊಡುವವರಿಲ್ಲ, ಅವನ ಸಾವಿಗೆ ಹೆಗಲು ಕೊಡುವವರಿಲ್ಲ. ಅಂಥವನು ಸಂಬಂಧವನ್ನು ಅರಸಿ ಧರ್ಮಸಭೆಯ ಬಾಗಿಲಿಗೆ ಬಂದರೆ ಅದು ಸ್ವಾರ್ಥವೆಂದು ಬರೆದುಕೊಳ್ಳಬೇಕೇ? ಸುಂಕದವರ ಮತ್ತು ಪಾಪಿಗಳ ಗೆಳೆಯನೆಂದು ಮತ್ತಾಯ 11:19ರಲ್ಲಿ ಹಳಿಸಿಕೊಂಡ ಪ್ರಭುವಿನ ಬಳಿಗೆ ಬಂದವರಲ್ಲಿ ಬಹುಪಾಲು ಜನ ಇಂಥವರೇ ಅಲ್ಲವೇ?

ಸೆರೆಯಲ್ಲಿ ಸೋತವರ ಬಗ್ಗೆಯೂ ಅವರ ಲೇಖನಿ ಕಠೋರವಾಗಿತ್ತು. ಅಷ್ಟು ಸಾವಿರ ಕ್ರೈಸ್ತರಲ್ಲಿ ಒಬ್ಬನಾದರೂ ಧೈರ್ಯದಿಂದ ವಿಶ್ವಾಸವನ್ನು ಸಾರಲಿಲ್ಲವೆಂದು ಅವರು ನಾಚಿಕೆಪಟ್ಟು ಬರೆದರು. ಯೊವಾನ್ನನ ಕೊನೆಯ ಅಧ್ಯಾಯದ ಕೆರೆಯ ದಡದಲ್ಲಿ, ಮೂರು ಬಾರಿ ನಿರಾಕರಿಸಿದ ಪೇತ್ರನಿಗೆ ಯೇಸು ಮೊದಲು ಊಟ ಕೊಟ್ಟರು. ಬಳಿಕ ಕೇಳಿದ್ದು ಪ್ರೀತಿಯ ಪ್ರಶ್ನೆಯನ್ನು ಮಾತ್ರ. ಮುರಿದವನನ್ನು ಸ್ನೇಹವು ವಿಚಾರಿಸುವ ರೀತಿ ಅದು.

ಆದರೆ ದೊಡ್ಡಸ್ವಾಮಿಯವರ ಲೇಖನಿಯೇ ಅವರ ಬದುಕಿನ ಪೂರ್ತಿ ಸಾಕ್ಷಿಯಲ್ಲ. ಅವರ ಕೈಗಳು ಬೇರೊಂದನ್ನು ಬರೆದವು. ತಾವು ಕಾಗದದ ಮೇಲೆ ಹಳಿದ ಜನರನ್ನೇ ಅವರು ಮರಳಿ ಸಂಸ್ಕಾರಗಳಿಗೆ ಸೇರಿಸಿಕೊಂಡರು. ಹಾಸನ ಸೀಮೆಯಲ್ಲಿ, ಹಳೆಯ ದಾಖಲೆಗಳು ಸಾತಳ್ಳಿ ಎಂದು ಬರೆಯುವ ಊರಿನಲ್ಲಿ, ಬಡ ಕ್ರೈಸ್ತರು ಉತ್ತು ಬಿತ್ತಿ ಬಾಳಲೆಂದು ಕೃಷಿಯ ನೆಲೆಯನ್ನು ಕಟ್ಟಿದರು. ಸಿಡುಬು ಊರೂರನ್ನು ಬರಿದು ಮಾಡುತ್ತಿದ್ದಾಗ ದೇವಿಹಾಕುವುದನ್ನು ಮೈಸೂರು ಸೀಮೆಯಲ್ಲಿ ಬಳಕೆಗೆ ತರಲು ದುಡಿದರು. ಆ ಕಾಲದಲ್ಲಿ ಲಸಿಕೆಯು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿ ಸಾಗಬೇಕಾಗಿತ್ತು. ಅದನ್ನು ತೆರವಾದ ಮನೆಯಲ್ಲಿ ಕುಳಿತು ಮಾಡಲಾಗದು. ತಾಯಿ ಮಗುವನ್ನು ಎತ್ತಿಕೊಂಡು ಎದುರಿಗೆ ಬರಬೇಕು, ತೋಳನ್ನು ಹಿಡಿಯಲು ಬಿಡಬೇಕು, ಎಂಟು ದಿನದ ಮೇಲೆ ಮತ್ತೆ ಬಂದು ತೋರಿಸಬೇಕು. ದೀನತೆಯು ಅಲ್ಲಿ ಉಡುಪನ್ನು ದಾಟಿ ಸ್ಪರ್ಶವಾಯಿತು. ಅವರ ಪುಸ್ತಕಗಳನ್ನು ಓದದ ಜನರು ದೊಡ್ಡಸ್ವಾಮಿ ಎಂಬ ಹೆಸರನ್ನು ಉಳಿಸಿಕೊಂಡದ್ದು ಈ ಕೈಗಳ ನೆನಪಿನಿಂದಲೇ ಇರಬೇಕೆಂದು ನಾವು ಭಾವಿಸುತ್ತೇವೆ. 1823ರಲ್ಲಿ ಭಾರತವನ್ನು ಬಿಟ್ಟ ಅವರು ಮುಂದೆ ತಮ್ಮ ಸಂಸ್ಥೆಯ ಶ್ರೇಷ್ಠರಾಗಿಯೂ ಸೇವೆ ಸಲ್ಲಿಸಿ 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಈ ಬದುಕು ನಮ್ಮ ದೈವಶಾಸ್ತ್ರಕ್ಕೆ ಏನನ್ನು ಕಲಿಸುತ್ತದೆ? ದೇವರಿಗೂ ಮನುಷ್ಯನಿಗೂ ಇರುವಷ್ಟು ಅಂತರವಿದ್ದಲ್ಲಿ ಸ್ನೇಹವು ನಿಲ್ಲದೆಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಹೇಳಿದ. ಸಂತ ಥಾಮಸ್ ಅಕ್ವಿನಾಸರು ಯೊವಾನ್ನ 15:15ನ್ನೇ ಆಧಾರವಾಗಿಟ್ಟುಕೊಂಡು, ದೈವಪ್ರೀತಿಯೆಂಬುದು ಮನುಷ್ಯನಿಗೆ ದೇವರೊಡನೆ ಇರುವ ಸ್ನೇಹವೇ ಎಂದು ಸಾಧಿಸಿದರು. ದೇವರು ತಮ್ಮ ಆನಂದವನ್ನೇ ಮನುಷ್ಯನೊಡನೆ ಹಂಚಿಕೊಳ್ಳುವುದರಿಂದ ಆ ಅಂತರ ದಾಟಲ್ಪಟ್ಟಿದೆ. ಹೀಗೆ ನೋಡಿದರೆ ಯೇಸುವಿನ ದೀನತೆಯು ತನಗಾಗಿ ಗಳಿಸಿಕೊಂಡ ಒಂದು ಸದ್ಗುಣವಲ್ಲ; ಸ್ನೇಹಕ್ಕೆ ಬೇಕಾದ ನೆಲವನ್ನು ಸಮ ಮಾಡುವ ಕೆಲಸ. ನೆಲ ಸಮನಾದ ಮೇಲೆ ಅವರು ಅಲ್ಲಿ ಕುಳಿತುಕೊಳ್ಳುತ್ತಾರೆ, ಕೇಳಿದ್ದನ್ನು ಹೇಳುತ್ತಾರೆ, ರೊಟ್ಟಿಯನ್ನು ಮುರಿಯುತ್ತಾರೆ. ಬಾಗುವುದರಲ್ಲೇ ನಿಂತುಹೋದ ದೀನತೆಗೆ ಜನರು ಕೈಮುಗಿಯುತ್ತಾರೆ. ಆದರೆ ಮನಸ್ಸನ್ನು ಬಿಚ್ಚುವುದಿಲ್ಲ.

ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ಸಹೋದರರಿಗೆ ಇದು ದೂರದ ವಿಷಯವೇನಲ್ಲ. ಮನೆಭೇಟಿಗೆ ಹೋದಾಗ ಒಂದೇ ಕುರ್ಚಿಯನ್ನು ಒರೆಸಿ ಸ್ವಾಮಿಗಳಿಗೆ ಹಾಕುತ್ತಾರೆ. ಮನೆಯವರು ಗೋಡೆಗೆ ಆತು ನಿಲ್ಲುತ್ತಾರೆ. ಹೆಣ್ಣುಮಕ್ಕಳು ಅಡಿಗೆಮನೆಯ ಬಾಗಿಲ ಹಿಂದೆ ಸರಿಯುತ್ತಾರೆ. ಆಡುತ್ತಿದ್ದ ಮಕ್ಕಳನ್ನು ಸುಮ್ಮನಿರಿಸುತ್ತಾರೆ. ಜನರ ಭಕ್ತಿ ನಿಜವಾದದ್ದು, ಅದನ್ನು ತಿರಸ್ಕರಿಸಬಾರದು. ಆದರೆ ಅದು ತೆರವಾದ ಮನೆಯ ಇನ್ನೊಂದು ರೂಪವೆಂಬುದನ್ನು ಮರೆಯಲೂಬಾರದು. ಆಶೀರ್ವಾದ ಕೊಟ್ಟು ಎದ್ದುಬಿಡುವುದು ಸುಲಭ. ಚಾಪೆ ಹಾಸಿರೆಂದು ಕೇಳಿ, ಮನೆಯೊಡತಿಯೂ ಮಕ್ಕಳೂ ಬಂದು ಕೂರುವವರೆಗೆ ಕಾದು, ಅವರು ತಿನ್ನುವುದನ್ನೇ ತಿಂದು, ಅವರ ಸಾಲದ ಮಾತನ್ನೂ ಮಗಳ ಮದುವೆಯ ಚಿಂತೆಯನ್ನೂ ಕೇಳುವುದಕ್ಕೆ ಸಮಯ ಹಿಡಿಯುತ್ತದೆ. ಮುಂದಿನ ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವ ಗುರುವು ಆ ಹನ್ನೆರಡು ಮನೆಗಳಲ್ಲಿ ಎಷ್ಟರೊಳಗೆ ಮನೆಯವರೊಡನೆ ಕುಳಿತು ಉಂಡಿದ್ದೇನೆಂದು ಎಣಿಸಿಕೊಂಡರೆ ಒಳಿತು.