ಶ್ರೀಶೈಲದ ಅಡವಿ ಮತ್ತು ಕದಳಿ

ಶ್ರೀಶೈಲವೆಂದೊಡನೆ ಮಲ್ಲಿಕಾರ್ಜುನನ ದೇವಾಲಯವೊಂದೇ ಕಣ್ಮುಂದೆ ನಿಲ್ಲುವುದು ಇಂದಿನ ರೂಢಿ. ಶರಣರ ಕಾಲದವರಿಗಾದರೋ ಅದು ‘ಪರ್ವತ’ವೇ ಆಗಿತ್ತು. ಕೃಷ್ಣೆಯ ದಕ್ಷಿಣದ ದಂಡೆಯಲ್ಲಿ ಹಬ್ಬಿರುವ ನಲ್ಲಮಲದ ದಟ್ಟಡವಿಯನ್ನು ದಾಟದೆ ಅಲ್ಲಿಗೆ ತಲಪುವಂತಿರಲಿಲ್ಲ. ಈ ಅಡವಿಯನ್ನು ಬದಿಗಿರಿಸಿ ಶರಣರ ಶ್ರೀಶೈಲವನ್ನು ಅರಿಯಹೊರಟರೆ ಅರ್ಧ ಅರ್ಥವೇ ಕೈತಪ್ಪುತ್ತದೆ.

ರಾಘವಾಂಕನು ಚಿತ್ರಿಸಿರುವ ಸಿದ್ಧರಾಮನ ಕಥೆಯನ್ನೇ ನೋಡಬಹುದು. ಮಲ್ಲಯ್ಯನನ್ನು ಅರಸುತ್ತ ಸೊನ್ನಲಿಗೆಯ ಬಾಲಕನು ಯಾತ್ರಿಕರೊಡನೆ ಪರ್ವತಕ್ಕೆ ಬರುತ್ತಾನೆ. ಗುಡಿಯ ಲಿಂಗವನ್ನು ತೋರಿದರೂ ಅವನಿಗೆ ಸಮಾಧಾನವಿಲ್ಲ. ತಾನು ಕಂಡ ಮಲ್ಲಯ್ಯನೇ ಬೇಕು. ಕೂಗಿ ಅಲೆದು, ಕಮರಿಗೆ ಹಾರಲು ಅಣಿಯಾದಾಗ ಶಿವನು ಕೈಹಿಡಿಯುತ್ತಾನೆ. ಸಾಕ್ಷಾತ್ಕಾರವಾದುದು ಗರ್ಭಗುಡಿಯಲ್ಲಲ್ಲ, ಕಮರಿಯ ಅಂಚಿನಲ್ಲಿ ಎಂಬುದು ಗಮನಾರ್ಹ.

ಉಡುತಡಿಯ ಮಹಾದೇವಿಯಕ್ಕನು ಕಲ್ಯಾಣದಿಂದ ಹೊರಟು ಸೇರಿದುದು ಇದೇ ಅಡವಿಯ ಕದಳಿಯನ್ನು. ‘ಕದಳಿ’ ಎಂದರೆ ಬಾಳೆ. ಶರೀರವನ್ನೂ ಚಿತ್ತವನ್ನೂ ಇಂದ್ರಿಯಗಳ ಸೆಳೆತವನ್ನೂ ಕದಳಿಯಾಗಿ ಕಾಣುವುದು ವಚನಗಳ ಪರಿಭಾಷೆ. ಇದನ್ನು ಹಿಡಿದು, ಕದಳಿಯು ಕೇವಲ ಸಂಕೇತವೆಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಇನ್ನು ಕೆಲವರಿಗೆ ಗುಹೆಯನ್ನು ನೋಡಿ ಬಂದರೆ ಸಾಕು. ಎರಡೂ ಅವಸರದ ಮಾತುಗಳೇ. ಹಸಿವು, ಮಳೆ, ಮೃಗಭಯಗಳಿದ್ದ ನಿಜವಾದ ಕಾಡೊಂದು ಇದ್ದುದರಿಂದಲೇ ಆ ಸಂಕೇತಕ್ಕೆ ತೂಕ ಬಂದಿತು.

ಪರ್ವತದ ಹಾದಿಯನ್ನು ಸುಗಮಗೊಳಿಸಲು ಅರಸರೂ ಶ್ರಮಿಸಿದರು. ಪಾತಾಳಗಂಗೆಗೆ ಇಳಿಯುವ ಸೋಪಾನಗಳೊಡನೆ ರೆಡ್ಡಿ ದೊರೆ ಪ್ರೋಲಯ ವೇಮನ ಹೆಸರೂ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠ್ಠಲಾಂಬೆಯ ಹೆಸರೂ ಸೇರಿವೆ. ಕೃಷ್ಣದೇವರಾಯನು 1516ರಲ್ಲಿ ರಥಬೀದಿಯ ಮಂಟಪಗಳನ್ನು ಕಟ್ಟಿಸಿದನು. ಶಿವರಾತ್ರಿಗೆ ನಾನಾ ದೇಶಗಳಿಂದ ನೆರೆಯುತ್ತಿದ್ದ ಭಕ್ತರನ್ನು ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ‘ಪಂಡಿತಾರಾಧ್ಯ ಚರಿತ್ರ’ದ ಪರ್ವತ ಪ್ರಕರಣದಲ್ಲಿ ಬಣ್ಣಿಸಿದ್ದಾನೆ.

1960ರಲ್ಲಿ ಆರಂಭವಾದ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಮುಗಿದು, ಕೃಷ್ಣೆಯ ಕಣಿವೆ ವಿಶಾಲ ಜಲಾಶಯವಾಯಿತು. ಅಕ್ಕನ ಹೆಸರಿನ ಗುಹೆಗಳಿಗೆ ಈಗ ಪಾತಾಳಗಂಗೆಯಿಂದ ದೋಣಿಯಲ್ಲಿಯೇ ಹೋಗಿಬರಬಹುದು. ಅಡವಿಯು 1983ರಿಂದ ಹುಲಿ ಸಂರಕ್ಷಣೆಯ ಯೋಜನೆಗೆ ಒಳಪಟ್ಟಿದೆ. ಬಸ್ಸಿನ ಯಾತ್ರಿಕರು ಸುಮಾರು 2,800 ಅಡಿ ಎತ್ತರದ ಶಿಖರೇಶ್ವರದಲ್ಲಿ ಇಳಿದು, ದೂರದ ಗೋಪುರವನ್ನು ನೋಡಿ ಮುಂದುವರಿಯುತ್ತಾರೆ. ಆದರೆ ಯುಗಾದಿಯ ಸಮಯಕ್ಕೆ ಉತ್ತರ ಕರ್ನಾಟಕದ ಭಕ್ತರು ಇಂದಿಗೂ ಕಂಬಿ ಹೊತ್ತು ಕಾಲ್ನಡೆಯಲ್ಲಿ ಹೊರಡುತ್ತಾರೆ. ಆತ್ಮಕೂರಿನ ಕಡೆಯಿಂದ ಅಡವಿಯನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳಗಳನ್ನು ಹಾದು, ಕಡಿದಾದ ಏರನ್ನು ಹತ್ತಿ ಕೈಲಾಸದ್ವಾರವನ್ನು ಸೇರುತ್ತಾರೆ.